ಡಾಕ್ಟರ್ ಬಂದ್ರು, ಉಳಿದವರು ಎಲ್ಲಿ?



ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಎಲ್ಲ ಚಾನೆಲ್‌ಗಳಲ್ಲೂ ಒಂದೇ ದೃಶ್ಯ. ಅಮ್ಮ ಮಗಳ ಬಾಯಿಗೆ ಪೇಡಾ ಇಡ್ತಾರೆ. ಅಪ್ಪ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ತಾರೆ. ನಮ್ಮ ವರದಿಗಾರ ಮೈಕ್ ಮುಂದೆ ಹಿಡಿದು, "ಮುಂದೆ ಏನಾಗ್ಬೇಕು ಅಂತ ಆಸೆ?" ಅಂತ ಕೇಳ್ತಾನೆ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. "ಡಾಕ್ಟರ್ ಆಗಿ ಬಡವರ ಸೇವೆ ಮಾಡ್ತೀನಿ."

ಒಳ್ಳೇದು. ಆಗಲಿ. ಆದರೆ ಇವತ್ತು ನಾನು ಆ ಮೈಕ್ ಮುಂದೆ ಬಾರದ ಮಕ್ಕಳ ಬಗ್ಗೆ ಮಾತಾಡ್ಬೇಕು. ಶೇಕಡಾ 50, 55 ತಗೊಂಡು ಪಾಸಾದ ಮಕ್ಕಳು. ಅವರ ಮನೆಗೆ ಯಾವ ಕ್ಯಾಮೆರಾನೂ ಹೋಗಲ್ಲ. ಅವರು ಏನಾಗ್ತಾರೆ ಅಂತ ಯಾರೂ ಕೇಳಲ್ಲ.

ಒಂದು ಲೆಕ್ಕ ಹಾಕೋಣ. ಮಧ್ಯರಾತ್ರಿ ಒಂದು ಹಳ್ಳಿಯಲ್ಲಿ ಗರ್ಭಿಣಿಗೆ ಹೆರಿಗೆ ನೋವು ಶುರುವಾಗುತ್ತೆ. ಮೊದಲು ಓಡಿ ಬರೋದು ಆಶಾ ಕಾರ್ಯಕರ್ತೆ. ಆಮೇಲೆ 108ಕ್ಕೆ ಫೋನ್. ಅಲ್ಲಿ ಕರೆ ಎತ್ತಿಕೊಳ್ಳೋರು ಒಬ್ಬರು, ಗಾಡಿ ಓಡಿಸೋರು ಒಬ್ಬರು, ಗಾಡಿಯೊಳಗೆ ಆಕೆಯ ಬಿಪಿ ನೋಡೋರು ಒಬ್ಬರು. ತಾಲ್ಲೂಕು ಆಸ್ಪತ್ರೆಗೆ ಬಂದ್ರೆ ಕೇಸ್ ಪೇಪರ್ ಮಾಡೋರು, ಸ್ಟ್ರೆಚರ್ ತಳ್ಳೋರು, ರಕ್ತದ ಗುಂಪು ನೋಡೋ ಲ್ಯಾಬ್ ಟೆಕ್ನಿಷಿಯನ್, ಔಷಧಿ ಕೊಡೋ ಫಾರ್ಮಸಿಸ್ಟ್, ಹೆರಿಗೆ ಕೋಣೆಯ ಸ್ಟಾಫ್ ನರ್ಸ್, ಆಪರೇಷನ್ ಥಿಯೇಟರ್ ಸಜ್ಜು ಮಾಡೋ ಟೆಕ್ನಿಷಿಯನ್, ಕೊನೆಗೆ ರಕ್ತ ಒರೆಸಿ, ಬಟ್ಟೆ ಬದಲಿಸಿ, ಕಸವನ್ನ ಸರಿಯಾದ ಡಬ್ಬಿಗೆ ಹಾಕೋರು. ಇಷ್ಟು ಜನರ ಮಧ್ಯೆ ಡಾಕ್ಟರ್ ಒಬ್ಬರು. ಅವರು ದೇವರಂಥವರೇ ಇರಲಿ, ಉಳಿದ ಹನ್ನೊಂದು ಜೊತೆ ಕೈ ಇಲ್ಲದಿದ್ರೆ ಏನು ಮಾಡ್ತಾರೆ ಸ್ವಾಮಿ?

ಡಾಕ್ಟರ್ ಮಾಡೋಕೆ ನೀಟ್ ಇದೆ, ಕೋಚಿಂಗ್ ಇದೆ, ಲಕ್ಷ ಲಕ್ಷ ಸುರಿಯೋ ಅಪ್ಪ-ಅಮ್ಮ ಇದ್ದಾರೆ. ಆ ಉಳಿದ ಹನ್ನೊಂದು ಜನರನ್ನ ತಯಾರು ಮಾಡೋರು ಯಾರು? ಎಷ್ಟನೇ ಕ್ಲಾಸಿಂದ? ಎಲ್ಲಿ?

ಅಮೆರಿಕದ ಹ್ಯೂಸ್ಟನ್ ನಗರದವರು ಈ ಪ್ರಶ್ನೆಯನ್ನ 1972ರಲ್ಲೇ ಕೇಳಿಕೊಂಡ್ರು. ಅಲ್ಲಿನ ಸಾರ್ವಜನಿಕ ಶಾಲಾ ಮಂಡಳಿ ಮತ್ತು ಬೇಲರ್ ವೈದ್ಯಕೀಯ ಕಾಲೇಜು ಸೇರಿ ಒಂದು ಹೈಸ್ಕೂಲ್ ಶುರು ಮಾಡಿದ್ವು. ಗಮನಿಸಿ, ಖಾಸಗಿ ಶಾಲೆ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ಕಾರಿ ಹೈಸ್ಕೂಲು. ಆರೋಗ್ಯ ಕ್ಷೇತ್ರಕ್ಕೆ ಹೋಗಬೇಕು ಅನ್ನೋ ಮಕ್ಕಳಿಗೇ ಅಂತ ಇರೋ ಹೈಸ್ಕೂಲು. ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲಾ ಕಲಿಸ್ತಾರೆ, ಜೊತೆಗೆ ರೋಗಿಯ ಆರೈಕೆಯ ಪಾಠವನ್ನೂ ಕಲಿಸ್ತಾರೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರಾದ ಡಾ. ಮೈಕೆಲ್ ಡಿಬೇಕಿ ಅವರ ಹೆಸರನ್ನ ಮುಂದೆ ಆ ಶಾಲೆಗೆ ಇಟ್ಟರು. ಡಿಬೇಕಿ ಲೆಬನಾನ್‌ನಿಂದ ವಲಸೆ ಬಂದವರ ಮಗ. 2017ರಲ್ಲಿ ಆ ಶಾಲೆಗೆ ನಗರದ ದೊಡ್ಡ ಆಸ್ಪತ್ರೆಗಳ ಸಮುಚ್ಚಯದೊಳಗೇ ಹೊಸ ಕಟ್ಟಡ ಕಟ್ಟಿದರು.

ಆ ಶಾಲೆಯಿಂದ ನಾವು ಕಲೀಬೇಕಾದ್ದು ಎರಡೇ ಮಾತು. ಒಂದು, ಶಾಲೆ ಆಸ್ಪತ್ರೆಯ ಪಕ್ಕದಲ್ಲಿದೆ. ಎರಡು, ಹೈಸ್ಕೂಲು ಮುಗಿದ ಕೂಡ್ಲೇ ಮಗು ಕೆಲಸಕ್ಕೆ ಹೋಗಲ್ಲ, ಕಾಲೇಜಿಗೆ ಹೋಗುತ್ತೆ. ಅಲ್ಲಿ ಹೈಸ್ಕೂಲು ಅನ್ನೋದು ಮೆಟ್ಟಿಲು.

"ಅದು ಅಮೆರಿಕ ರೀ, ನಮ್ಮಲ್ಲಿ ಎಲ್ಲಿಂದ ಬರ್ಬೇಕು?" ಅಂತೀರಾ? ತಾಳಿ. ನಮ್ಮಲ್ಲೂ ಇದೆ!

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ನೋಡಿದ್ದೀರಾ? ತೃತೀಯ ಭಾಷೆಯ ದಿನ ಹಿಂದಿ, ಸಂಸ್ಕೃತ, ಉರ್ದು, ತುಳು, ಕೊಂಕಣಿ ಅಂತೆಲ್ಲಾ ಇರುತ್ತೆ. ಅದರ ಕೆಳಗೆ ಸಣ್ಣದಾಗಿ ಎನ್‌ಎಸ್‌ಕ್ಯೂಎಫ್ ವಿಷಯಗಳು ಅಂತ ಒಂದು ಸಾಲು ಇರುತ್ತೆ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಅದರ ಅಡಿಯಲ್ಲಿ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ 9 ಮತ್ತು 10ನೇ ತರಗತಿ ಮಕ್ಕಳು ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ತಗೋಬಹುದು. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಇವುಗಳ ಸಾಲಿನಲ್ಲೇ ಬಂದ ಇನ್ನೊಂದು ವಿಷಯ ಹೆಲ್ತ್‌ಕೇರ್.

ದ್ವಿತೀಯ ಪಿಯುಸಿ ವೇಳಾಪಟ್ಟಿ ನೋಡಿ. ಹಿಂದೂಸ್ತಾನಿ ಸಂಗೀತದ ಪಕ್ಕದಲ್ಲಿ ಹೆಲ್ತ್‌ಕೇರ್ ಅಂತ ಬರೆದಿರುತ್ತೆ. ಅಂದ್ರೆ ಕಾಗದದ ಮೇಲೆ ನಮ್ಮಲ್ಲೂ ಮೆಟ್ಟಿಲಿದೆ. ಆದ್ರೆ ಈ ಸಾಲನ್ನ ಎಷ್ಟು ಜನ ಅಪ್ಪ-ಅಮ್ಮಂದಿರು ಓದಿದ್ದಾರೆ?

ಏನು ಕಲಿಸ್ತಾರೆ ಅದರಲ್ಲಿ? ಕೈ ಹೇಗೆ ತೊಳೀಬೇಕು ಅನ್ನೋದರಿಂದ ಶುರು. ನಗಬೇಡಿ. ಕೋವಿಡ್ ಬಂದಾಗ ಇಡೀ ದೇಶಕ್ಕೆ ಅದೇ ಪಾಠ ಮಾಡಬೇಕಾಯ್ತು. ನಾಡಿ ಹಿಡಿದು ಎಣಿಸೋದು, ಜ್ವರ ಅಳೆಯೋದು, ಬಿಪಿ ನೋಡೋದು, ರೋಗಿ ಮಲಗಿದ ಹಾಗೇ ಹಾಸಿಗೆ ಬಟ್ಟೆ ಬದಲಿಸೋದು, ಪ್ರಥಮ ಚಿಕಿತ್ಸೆ, ಲಸಿಕೆಯ ವೇಳಾಪಟ್ಟಿ, ಆಸ್ಪತ್ರೆಯ ಕಸವನ್ನ ಹಳದಿ, ಕೆಂಪು, ಬಿಳಿ, ನೀಲಿ ಅಂತ ಬೇರೆ ಮಾಡೋದು. ರೋಗಿಯ ಹತ್ತಿರ ಹೇಗೆ ಮಾತಾಡಬೇಕು, ರೋಗಿಯ ಗುಟ್ಟನ್ನ ಹೇಗೆ ಕಾಪಾಡಬೇಕು ಅನ್ನೋದೂ ಪಾಠವೇ.

ಇದು ಹೊಸ ಆಲೋಚನೆಯೂ ಅಲ್ಲ. 1977ರ ಸುಮಾರಿಗೇ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ನಂತರದ ವೃತ್ತಿ ಶಿಕ್ಷಣ ಶುರುವಾಗಿತ್ತು. ಐವತ್ತು ದಾಟಿದ ವೀಕ್ಷಕರಿಗೆ ಜೆಓಸಿ ಅನ್ನೋ ಮೂರಕ್ಷರ ನೆನಪಿರಬೇಕು. ಜಾಬ್ ಓರಿಯೆಂಟೆಡ್ ಕೋರ್ಸ್. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಕೂಡ ಅದರಲ್ಲಿತ್ತು. ಏನಾಯ್ತು ಅದು? ಪಾಠ ಮಾಡೋರನ್ನ ವರ್ಷಗಟ್ಟಲೆ ಅರೆಕಾಲಿಕ ನೌಕರರಾಗೇ ಇಟ್ಟುಕೊಂಡರು. ಕೊನೆಗೆ ಅವರನ್ನ ವಿಲೀನ ಮಾಡಿಕೊಳ್ಳೋಕೆ 2011ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯ್ತು. ಕೋರ್ಸ್‌ಗಳ ಬಾಗಿಲು ಮುಚ್ಚಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ 1995ರ ಹೊತ್ತಿಗೆ ಹೈಸ್ಕೂಲು ಮುಗಿಸಿದವರಲ್ಲಿ ಶೇಕಡಾ 25 ಮಕ್ಕಳು ವೃತ್ತಿ ಶಿಕ್ಷಣಕ್ಕೆ ಬರಬೇಕು ಅಂದಿತ್ತು. 2020ರ ನೀತಿ 2025ರ ಹೊತ್ತಿಗೆ ಶೇಕಡಾ 50 ಮಕ್ಕಳಿಗೆ ಅದರ ಪರಿಚಯವಾದ್ರೂ ಆಗಬೇಕು ಅಂತು. ಗುರಿ ದೊಡ್ಡದಾಗ್ತಾ ಹೋಯ್ತು. ಶಾಲೆಯ ಕೋಣೆ ಅಷ್ಟೇ ಇದೆ!

ಈಗ ಒಂದು ಸೀಮೆಗೆ ಬರೋಣ. ಬೆಳಗಾವಿ ಜಿಲ್ಲೆ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಗೋಕಾಕ್, ಮೂಡಲಗಿ, ಹುಕ್ಕೇರಿ.

ಗೋಕಾಕ್ ಅಂದ್ರೆ ಜನಕ್ಕೆ ಜಲಪಾತ, ಕರದಂಟು. ನಮ್ಮ ಚಾನೆಲ್‌ಗಳಿಗೆ ಮಾತ್ರ ಗೋಕಾಕ್ ಅಂದ್ರೆ ರಾಜಕಾರಣ. ಆ ಸೀಮೆಗೆ ಇನ್ನೊಂದು ಚರಿತ್ರೆ ಇದೆ, ಅದನ್ನ ನಾವು ತೋರಿಸೋದೇ ಇಲ್ಲ. ಗೋಕಾಕ್ ತಾಲ್ಲೂಕಿನ ಘಟಪ್ರಭಾದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಕರ್ನಾಟಕ ಆರೋಗ್ಯ ಧಾಮ ಎದ್ದು ನಿಂತಿತ್ತು. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ಅವರ ಹೆಸರು ಆ ಸಂಸ್ಥೆಯ ಜೊತೆಗಿದೆ. ಅದೇ ಊರಲ್ಲಿ ಸಹಕಾರಿ ತತ್ವದ ಮೇಲೆ ನಡೆಯೋ ಜೆ.ಜಿ. ಆಸ್ಪತ್ರೆ ಇದೆ. ಸಕ್ಕರೆ ಕಾರ್ಖಾನೆಯ ಹಾಗೆ, ಹಾಲಿನ ಡೇರಿಯ ಹಾಗೆ, ಷೇರು ಹಾಕಿ ಆಸ್ಪತ್ರೆ ಕಟ್ಟಿದ ಜನ ಇವರು. ಪಕ್ಕದ ಹುಕ್ಕೇರಿಯವರು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾಡಿಕೊಂಡು ತಮ್ಮ ತಾಲ್ಲೂಕಿಗೆ ತಾವೇ ಕರೆಂಟ್ ಹಂಚಿಕೊಂಡವರು. ಇಂಥ ಸೀಮೆಗೆ ಒಂದು ಆರೋಗ್ಯ ಹೈಸ್ಕೂಲು ಕಟ್ಟೋದು ಕಷ್ಟವಾ?

ಆದ್ರೆ ಇವತ್ತಿನ ಸ್ಥಿತಿ ನೋಡಿ. ದೊಡ್ಡ ಕಾಯಿಲೆ ಬಂದ್ರೆ ಗೋಕಾಕದವರು ಬೆಳಗಾವಿಗೆ ಓಡಬೇಕು. ಹತ್ತಿರ ಹತ್ತಿರ 70 ಕಿಲೋಮೀಟರ್. ಹುಕ್ಕೇರಿ, ಸಂಕೇಶ್ವರದ ಕಡೆಯವರಿಗೆ ಕೊಲ್ಹಾಪುರ, ಮಿರಜ್. "ಮಿರಜಿಗೆ ಒಯ್ದಾರ" ಅಂದ್ರೆ ಕೇಸು ಗಂಭೀರ ಅಂತಲೇ ಅರ್ಥ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಬಂದಾಗ ಲೋಳಸೂರು ಸೇತುವೆ ಮುಳುಗಿತು, ಗೋಕಾಕದ ಮನೆಗಳಿಗೆ ನೀರು ನುಗ್ಗಿತು. ಅಂಥ ದಿನ ಆಂಬುಲೆನ್ಸ್ ಎಲ್ಲಿಂದ ಬರ್ಬೇಕು? ಕಾಳಜಿ ಕೇಂದ್ರದಲ್ಲಿ ಮಲಗಿದ ಮುದುಕಿಗೆ ಬಿಪಿ ನೋಡೋಕೆ ಯಾರಿರ್ತಾರೆ? ಓಣಿಗೊಬ್ಬ ಹುಡುಗಿಗೆ ಪ್ರಥಮ ಚಿಕಿತ್ಸೆ ಬಂದಿದ್ರೆ, ಆ ಹೊತ್ತಿನಲ್ಲಿ ಅವಳೇ ಆ ಓಣಿಯ ದವಾಖಾನೆ.

ಇನ್ನೊಂದು ಘಟನೆ ನೆನಪಿಸಬೇಕು. ಹೇಳೋಕೆ ಸಂಕಟ ಆಗುತ್ತೆ. 2022ರ ಜೂನ್ ತಿಂಗಳು. ಮೂಡಲಗಿ ಬಸ್ ನಿಲ್ದಾಣದ ಹತ್ತಿರ ಹಳ್ಳದಲ್ಲಿ ಡಬ್ಬಿಗಳೊಳಗೆ ಏಳು ಭ್ರೂಣಗಳು ಸಿಕ್ಕವು. ಏಳು! ಭ್ರೂಣಲಿಂಗ ಪತ್ತೆ, ಭ್ರೂಣಹತ್ಯೆಯ ಮಾತನ್ನ ಅಧಿಕಾರಿಗಳೇ ಆಡಿದರು. ರಾಜ್ಯ ಬೆಚ್ಚಿಬಿತ್ತು. ನಾವೂ ದಿನವಿಡೀ ತೋರಿಸಿದೆವು, ಆಮೇಲೆ ಬೇರೆ ಸುದ್ದಿಗೆ ಹೋದೆವು. ಯಾರು ತಪ್ಪಿತಸ್ಥರು ಅನ್ನೋದನ್ನ ಕಾನೂನು ಹೇಳಲಿ. ನನ್ನ ಪ್ರಶ್ನೆ ಬೇರೆ. ಇಂಥ ಪಾಪ ಎಲ್ಲೇ ನಡೆಯಲಿ, ಸ್ಕ್ಯಾನಿಂಗ್ ಕೋಣೆಯ ಬಾಗಿಲು ತೆಗೆಯೋ ಕೈ, ಟ್ರೇ ತೊಳೆಯೋ ಕೈ, ಡಬ್ಬಿ ಎತ್ತೋ ಕೈ ಅಂತ ಇರುತ್ತಲ್ಲ? ಆ ಕೈಗಳಿಗೆ 1994ರಿಂದಲೇ ಒಂದು ಕಾಯ್ದೆ ಇದೆ ಅಂತ ಯಾರಾದ್ರೂ ಹೇಳಿದ್ದಾರಾ? "ಇದು ಅಪರಾಧ, ನಾನು ಮುಟ್ಟಲ್ಲ" ಅನ್ನೋ ಧೈರ್ಯ ಕಲಿಸಿದ್ದಾರಾ? ಹತ್ತನೇ ಕ್ಲಾಸಿನ ಹೆಣ್ಣುಮಗಳಿಗೆ ನಾಡಿ ಹಿಡಿಯೋದರ ಜೊತೆ ಈ ಕಾಯ್ದೆಯನ್ನೂ ಕಲಿಸಿದ್ರೆ, ಅವಳು ನರ್ಸ್ ಆಗಲಿ ಬಿಡಲಿ, ನಾಳೆ ಸೊಸೆಯಾಗಿ ಹೋದ ಮನೆಯಲ್ಲಿ ಆ ಮಾತು ಕೆಲಸಕ್ಕೆ ಬರುತ್ತೆ.

ಸರಿ, ಈಗ ಈ ವ್ಯವಸ್ಥೆಯ ಅಸಲಿ ರೋಗಕ್ಕೆ ಬರ್ತೀನಿ.

ಹೈಸ್ಕೂಲಲ್ಲಿ ಹೆಲ್ತ್‌ಕೇರ್ ಓದಿದ ಹುಡುಗಿ ಪಾಸಾಗೋದು 15, 16ನೇ ವಯಸ್ಸಿಗೆ. ಕೈಯಲ್ಲಿ ಒಂದು ಸರ್ಟಿಫಿಕೇಟ್. ಆದರೆ ಆ ವಯಸ್ಸಿನ ಮಗುವನ್ನ ಯಾವ ಆಸ್ಪತ್ರೆಯೂ ಕೆಲಸಕ್ಕೆ ತಗೋಬಾರದು. ತಗೊಳ್ಳೋದು ಬೇಡ ಅನ್ನೋನೇ ನಾನು. ಮುಂದೆ ಓದ್ತೀನಿ ಅಂದ್ರೆ? ನರ್ಸಿಂಗ್ ಪರಿಷತ್ತಿನ ನಿಯಮ ನೋಡಿ. ಎರಡು ವರ್ಷದ ಎಎನ್‌ಎಂ ಆಗಲಿ, ಮೂರು ವರ್ಷದ ಜಿಎನ್‌ಎಂ ಆಗಲಿ, ಪಿಯುಸಿ ಮುಗಿದಿರಬೇಕು, 17 ವರ್ಷ ತುಂಬಿರಬೇಕು. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

ಅಂದ್ರೆ ಒಂದು ಬಾಗಿಲು ಮುಚ್ಚೋದು 15ಕ್ಕೆ. ಇನ್ನೊಂದು ಬಾಗಿಲು ತೆರೆಯೋದು 17ಕ್ಕೆ. ಮಧ್ಯೆ ಎರಡು ವರ್ಷ.

ಉತ್ತರ ಕರ್ನಾಟಕದ ಬಡ ಮನೆಯ ಹೆಣ್ಣುಮಗಳ ಬದುಕಿನಲ್ಲಿ ಆ ಎರಡು ವರ್ಷ ಏನು ಅಂತ ನಿಮಗೆ ಗೊತ್ತಾ? ಅದೇ ವಯಸ್ಸಲ್ಲಿ ಸೋದರಮಾವನ ಸಂಬಂಧ ಮನೆ ಬಾಗಿಲಿಗೆ ಬರುತ್ತೆ. ಕಬ್ಬು ಕಡಿಯೋ ಗ್ಯಾಂಗಿಗೆ ಎರಡು ಕೈ ಕಮ್ಮಿ ಬಿದ್ದಿರುತ್ತೆ. ತಮ್ಮ-ತಂಗಿಯರನ್ನ ನೋಡಿಕೊಳ್ಳೋಕೆ ಮನೆಯಲ್ಲಿ ಒಬ್ಬರು ಬೇಕಾಗಿರ್ತಾರೆ. "ಪಿಯುಸಿಗೆ ದಿನಾ ಬಸ್ಸಿನಾಗ ಹೋಗಿ ಬರೂದು ಬ್ಯಾಡವ್ವಾ" ಅಂತ ಅಜ್ಜಿ ಹೇಳಿದ್ರೆ ಮುಗೀತು. ಬಾಲ್ಯವಿವಾಹದ ಕಳಂಕ ಬೆಳಗಾವಿ ಜಿಲ್ಲೆಗೆ ಹೊಸದೇನಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಗು ಕಳೆದುಹೋಗೋದು ಈ ಎರಡು ವರ್ಷದ ಸಂದಿಯಲ್ಲೇ.

ಆರೋಗ್ಯ ಹೈಸ್ಕೂಲಿನ ಯಶಸ್ಸನ್ನ ಅಳೀಬೇಕಾದ್ದು ಎಷ್ಟು ಸರ್ಟಿಫಿಕೇಟ್ ಕೊಟ್ಟರು ಅನ್ನೋದರಿಂದ ಅಲ್ಲ. ಆ ಎರಡು ವರ್ಷವನ್ನ ಎಷ್ಟು ಹುಡುಗಿಯರು ದಾಟಿದರು ಅನ್ನೋದರಿಂದ. ನನ್ನ ಮಾತು ಇಷ್ಟೇ.

ಇನ್ನೊಂದು ಕಡೆಯ ವಾದವನ್ನೂ ಕೇಳೋಣ. ಹುಕ್ಕೇರಿಯ ಒಬ್ಬ ತಂದೆ ನನ್ನನ್ನ ಹೀಗೆ ಕೇಳಬಹುದು, "ಏನ್ರಿ ಸರ, ನಿಮ್ಮ ಮಕ್ಕಳು ಡಾಕ್ಟರ್ ಆಗ್ಬೇಕು, ನಮ್ಮ ಹುಡುಗಿ ಮಂದಿ ಹೇಲು-ಉಚ್ಚಿ ಬಳೀಲಿಕ್ಕೆ ಸಾಲಿ ಕಲೀಬೇಕೇನ್ರಿ?"

ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ಅದರಲ್ಲಿ ಸತ್ಯ ಇದೆ. ನಮ್ಮ ದೇಶದಲ್ಲಿ ಯಾವ ಕೆಲಸ ಯಾರ ಪಾಲಿಗೆ ಬಂತು ಅನ್ನೋದರ ಚರಿತ್ರೆ ಎಲ್ಲರಿಗೂ ಗೊತ್ತಿದೆ. ವೃತ್ತಿ ಶಿಕ್ಷಣದ ಹೆಸರಲ್ಲಿ ಬಡವರ ಮಕ್ಕಳನ್ನ, ದಲಿತರ ಮಕ್ಕಳನ್ನ ಮತ್ತೆ ಅದೇ ಕೆಲಸಕ್ಕೆ ಹಚ್ಚೋದಾದ್ರೆ ಆ ಶಾಲೆ ಬೇಡವೇ ಬೇಡ. ಕಡಿಮೆ ಅಂಕ ತಗೊಳ್ಳೋ ಮಕ್ಕಳನ್ನ ಹುಡುಕಿ ಹುಡುಕಿ ಈ ವಿಷಯಕ್ಕೆ ತಳ್ಳೋ ಮುಖ್ಯೋಪಾಧ್ಯಾಯರಿದ್ರೆ, ಅದು ತಪ್ಪು.

ಆದ್ರೆ ಇನ್ನೊಂದು ಚಿತ್ರ ನೋಡಿ. ಕೇರಳದ ಎಷ್ಟೋ ಮನೆಗಳು ಎದ್ದಿದ್ದು ಮಗಳ ನರ್ಸಿಂಗ್ ಸಂಬಳದಿಂದ. ದೆಹಲಿಗೆ ಹೋದ್ರು, ಗಲ್ಫ್‌ಗೆ ಹೋದ್ರು, ಲಂಡನ್‌ಗೆ ಹೋದ್ರು. ತಮ್ಮನನ್ನ ಓದಿಸಿದ್ರು, ತಂಗಿಯ ಮದುವೆ ಮಾಡಿದ್ರು. ಅವರೂ ಬೆಡ್‌ಪ್ಯಾನ್ ಮುಟ್ಟಿದವರೇ. ಆದರೆ ಅವರ ಕೈಯಲ್ಲಿ ನೋಂದಣಿ ಸಂಖ್ಯೆ ಇತ್ತು, ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಕೆಲಸಕ್ಕೆ ಮರ್ಯಾದೆ ತಂದುಕೊಡೋದು ಪೂರ್ತಿ ಮುಗಿಸಿದ ಓದು, ಸರಿಯಾದ ಸಂಬಳ. ಆಯಾ ಕೆಲಸಕ್ಕೂ ಸ್ಟಾಫ್ ನರ್ಸ್ ಕೆಲಸಕ್ಕೂ ಮಧ್ಯೆ ಇರೋ ಅಂತರ ಐದು ವರ್ಷದ ಓದು ಅಷ್ಟೇ. ಆ ಐದು ವರ್ಷದಲ್ಲಿ ಮೊದಲ ಎರಡು ಪಿಯುಸಿ.

ಹಾಗಾದ್ರೆ ಏನು ಮಾಡಬೇಕು? ಕೋಟಿ ಕೋಟಿ ಕೇಳ್ತಿಲ್ಲ ನಾನು.

ಮೊದಲನೇದು. ಗೋಕಾಕ್, ಮೂಡಲಗಿ, ಹುಕ್ಕೇರಿ, ಈ ಮೂರು ಪಟ್ಟಣಗಳಲ್ಲಿ ತಲಾ ಒಂದು ಸರ್ಕಾರಿ ಹೈಸ್ಕೂಲು, ಅದೇ ಊರಿನ ಒಂದು ಸರ್ಕಾರಿ ಪಿಯು ಕಾಲೇಜು, ಎರಡನ್ನೂ ಜೋಡಿಸಿ. 9ನೇ ತರಗತಿಯಲ್ಲಿ ಹೆಲ್ತ್‌ಕೇರ್ ತಗೊಂಡ ಹುಡುಗಿಗೆ ಅದೇ ಊರಲ್ಲಿ 12ರವರೆಗೂ ಅದೇ ವಿಷಯ ಸಿಗಬೇಕು. ಆ ಕಾಲೇಜಲ್ಲಿ ವಿಜ್ಞಾನ ವಿಭಾಗವೂ ಇರಬೇಕು, ಬಿಎಸ್ಸಿ ನರ್ಸಿಂಗ್‌ನ ಬಾಗಿಲು ಅವಳಿಗೆ ಮುಚ್ಚಬಾರದು.

ಎರಡನೇದು. ಆಸ್ಪತ್ರೆಯ ಬಾಗಿಲು ತೆರೀಲಿ. ವಾರಕ್ಕೊಂದು ಮಧ್ಯಾಹ್ನ, ಶಿಕ್ಷಕಿಯ ಜೊತೆ ಮಕ್ಕಳು ಸರ್ಕಾರಿ ಆಸ್ಪತ್ರೆಗೆ ಹೋಗಿ ನೋಡಿ ಕಲೀಲಿ. ನೋಡಿ ಕಲಿಯೋದು ಅಂದೆ, ಪುಕ್ಕಟೆ ಕೂಲಿ ಅಲ್ಲ. ಈ ಗೆರೆ ಸ್ಪಷ್ಟವಾಗಿರಲಿ. ಮಗುವಿನ ಕೈಗೆ ಪೊರಕೆ ಕೊಟ್ಟು "ಪ್ರಾಕ್ಟಿಕಲ್" ಅಂತ ಬರೆಯೋದು ಆಗಬಾರದು.

ಮೂರನೇದು, ಬಹಳ ಮುಖ್ಯವಾದದ್ದು, ಕಲಿಸೋರು. ಈ ವಿಷಯ ಕಲಿಸೋರನ್ನ ಏಜೆನ್ಸಿಗಳ ಮೂಲಕ ಹೊರಗುತ್ತಿಗೆಯಲ್ಲಿ ತಗೋತಾರೆ. ಗುತ್ತಿಗೆ ನವೀಕರಣ ತಡವಾದ್ರೆ ಪಾಠವೂ ತಡ. ತನ್ನ ಕೆಲಸ ನಾಳೆ ಇರುತ್ತೋ ಇಲ್ಲವೋ ಅಂತ ಗೊತ್ತಿಲ್ಲದ ಶಿಕ್ಷಕಿ ಮಕ್ಕಳಿಗೆ "ಇದರಲ್ಲಿ ಭವಿಷ್ಯ ಇದೆ" ಅಂತ ಯಾವ ಬಾಯಿಂದ ಹೇಳಬೇಕು? ಜೆಓಸಿಯ ಕಥೆಯಿಂದ ನಾವು ಪಾಠ ಕಲೀದಿದ್ರೆ ಇನ್ಯಾವುದರಿಂದ ಕಲೀತೀವಿ?

ನಾಲ್ಕನೇದು. ನಾಲ್ಕು ವರ್ಷ ಈ ವಿಷಯ ಓದಿ ಬಂದ ಸರ್ಕಾರಿ ಶಾಲೆಯ ಮಕ್ಕಳಿಗೆ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಸೀಟುಗಳಲ್ಲಿ ಒಂದಿಷ್ಟು ಪಾಲು ಇಡಿ. 2021ರಲ್ಲಿ ಸಂಸತ್ತು ಲ್ಯಾಬ್, ಎಕ್ಸ್‌ರೇ, ಥಿಯೇಟರ್ ತಂತ್ರಜ್ಞರಂಥವರಿಗೆ ಅಂತಲೇ ರಾಷ್ಟ್ರೀಯ ಆಯೋಗ ರಚಿಸೋ ಕಾಯ್ದೆ ಮಾಡಿದೆ. ಇನ್ನು ಮುಂದೆ ಸರಿಯಾಗಿ ಓದದೆ ಈ ಕೆಲಸ ಸಿಗೋದು ಕಷ್ಟ. ಇವತ್ತು ಮೆಟ್ಟಿಲು ಕಟ್ಟದಿದ್ರೆ ನಾಳೆ ನಮ್ಮ ಊರಿನ ಆಸ್ಪತ್ರೆಯಲ್ಲಿ ಕೆಲಸ ಬೇರೆಯವರದ್ದು, ಕಸ ಗುಡಿಸೋದು ಮಾತ್ರ ನಮ್ಮ ಮಕ್ಕಳದ್ದು.

ಶಾಸಕರಿಗೆ ಒಂದು ಮಾತು. ಹೊಸ ಆಸ್ಪತ್ರೆ ಕಟ್ಟಡಕ್ಕೆ ಭೂಮಿಪೂಜೆ ಮಾಡ್ತೀರಿ, ರಿಬ್ಬನ್ ಕತ್ತರಿಸ್ತೀರಿ, ನಮ್ಮನ್ನೂ ಕರೀತೀರಿ. ನಾವೂ ಬರ್ತೀವಿ. ಮುಂದಿನ ಸಲ ಕರೆದಾಗ, ಆ ಕಟ್ಟಡದೊಳಗೆ ಕೆಲಸ ಮಾಡೋಕೆ ನಿಮ್ಮ ಕ್ಷೇತ್ರದ ಎಷ್ಟು ಮಕ್ಕಳು ತಯಾರಾಗ್ತಿದ್ದಾರೆ ಅನ್ನೋ ಪಟ್ಟಿಯನ್ನೂ ಕೈಯಲ್ಲಿ ಹಿಡ್ಕೊಂಡು ಬನ್ನಿ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಮಗಳ ಹೈಸ್ಕೂಲಿಗೆ ಹೋಗಿ ಕೇಳಿ, "ಹೆಲ್ತ್‌ಕೇರ್ ವಿಷಯ ನಮ್ಮ ಸಾಲ್ಯಾಗ ಐತೇನ್ರಿ? ಇಲ್ಲಂದ್ರ ಯಾಕಿಲ್ರಿ?" ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಒಬ್ಬರು ಕೇಳಿದ್ರೆ ಗೊಣಗಾಟ, ನಲವತ್ತು ಜನ ಕೇಳಿದ್ರೆ ಅರ್ಜಿ. ಹೆಣ್ಣು ಹತ್ತನೇ ಕ್ಲಾಸ್ ಪಾಸಾದಳು ಅಂತ ಸಂಬಂಧ ಹೊತ್ತು ತರೋ ಮಾವನಿಗೆ, "ಇನ್ನ ಐದ ವರ್ಷ ತಡೀರಿ ಮಾವ, ಆಮ್ಯಾಲೆ ಅಕಿ ನಿಮಗ ಬಿಪಿ ನೋಡ್ತಾಳ" ಅಂತ ಹೇಳಿ ಕಳಿಸಿ.

ಡಾಕ್ಟರ್ ಆಗೋ ಕನಸು ಕಾಣೋ ಮಗುವಿಗೆ ಪೇಡಾ ತಿನ್ನಿಸೋಣ. ಬೇಡ ಅಂದೋರು ಯಾರು? ಆದ್ರೆ ನೀವು ನಾವು ಹಾಸಿಗೆ ಹಿಡಿದ ದಿನ, ರಾತ್ರಿ ಎರಡು ಗಂಟೆಗೆ ಸಲೈನ್ ಖಾಲಿಯಾಯ್ತಾ ಅಂತ ನೋಡೋಕೆ ಎದ್ದು ಬರೋಳು ಶೇಕಡಾ 55 ತಗೊಂಡ ಆ ಹುಡುಗಿ. ಅವಳು ಓದಿ ಬಂದಿರಬೇಕೋ, ಸುಮ್ಮನೆ ಬಂದು ನಿಂತಿರಬೇಕೋ? ಅದನ್ನ ನಾವು ಈಗ, ಅವಳು ಒಂಬತ್ತನೇ ಕ್ಲಾಸಲ್ಲಿ ಇರುವಾಗಲೇ ತೀರ್ಮಾನ ಮಾಡಬೇಕು.

ಯೋಚನೆ ಮಾಡಿ.